ತಾತ ಕುಡಿದ ನೀರು

ಕುಡಿಯುವ ನೀರಿನ ಫ್ಲೋರೈಡಿನ ಮಾತು ಎತ್ತಿದರೆ ಆಂಧ್ರದ ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ನಮ್ ತಾತ ಇದೇ ನೀರು ಕುಡ್ದು ತೊಂಬತ್ತು ವರ್ಷ ಬದುಕಿಲ್ಲವಾ ಸಾಮಿ?’ ರತ್ನಗಿರಿ, ರೊಳ್ಳ, ಅಮರಾಪುರದ ಕಡೆ ಕೇಳುವ ಈ ಮಾತು ಗಡಿ ದಾಟಿ ಕರ್ನಾಟಕದ ಪಾವಗಡಕ್ಕೆ ಹೋದರೂ ಬದಲಾಗುವುದಿಲ್ಲ. ಓದಿದವರು ಇದನ್ನು ಕೇಳಿ ಮುಗುಳ್ನಕ್ಕು, ಜನಕ್ಕೆ ವಿಜ್ಞಾನ ಹತ್ತುವುದಿಲ್ಲ ಎಂದು ಸುಮ್ಮನಾಗುತ್ತಾರೆ. ಆ ನಗು ನನಗೆ ಸರಿ ಕಾಣುವುದಿಲ್ಲ. ತಾತನ ತೊಂಬತ್ತು ವರ್ಷ ಸುಳ್ಳಲ್ಲ, ಅದೂ ಒಂದು ಸಾಕ್ಷ್ಯವೇ. ಯಾವುದಕ್ಕೆ ಸಾಕ್ಷ್ಯ ಎಂಬುದನ್ನು ಮಾತ್ರ ವಿಚಾರಿಸಬೇಕು.

ತಾತ ಕುಡಿದದ್ದು ಸೇದುವ ಬಾವಿಯ ನೀರು. ಕೆರೆ ತುಂಬಿದ ವರ್ಷ ಮೇಲೇರಿ, ಬರ ಬಂದಾಗ ತಳ ಕಾಣುತ್ತಿದ್ದ, ಹಿಂದಿನ ಒಂದೆರಡು ಮಳೆಗಾಲದಲ್ಲಿ ಇಂಗಿದ ನೀರು. ಮೊಮ್ಮಗ ಕುಡಿಯುವುದು ನೂರಾರು ಅಡಿ ಕೆಳಗೆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಮೋಟಾರಿನ ಬಲದಿಂದ ಮೇಲೆ ಬಂದ ನೀರು. ಇಲ್ಲಿನ ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಕಲ್ಲಿನ ಜೊತೆ ಎಷ್ಟು ಕಾಲ ಇದ್ದರೆ ಅಷ್ಟು ಹೆಚ್ಚು ಕರಗಿಸಿಕೊಳ್ಳುತ್ತದೆ. ಅದರಲ್ಲಿ ಸುಣ್ಣದಂಶ ಕಡಿಮೆಯಿದ್ದು ಸೋಡಾ ಅಂಶ ಹೆಚ್ಚಿದ್ದರಂತೂ ಇನ್ನೂ ಸಲೀಸು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಕಪಿಲೆ ಬಾವಿಗಳು ಬತ್ತಿ ಬೋರುಗಳು ಇಳಿಯುತ್ತಾ ಹೋದಂತೆ ನೀರಿನ ಗುಣವೂ ಬದಲಾಯಿತು. ಊರು ಅದೇ, ಬಿಂದಿಗೆ ಅದೇ, ಕುಡಿಯುವ ಬಾಯಿಯೂ ಅದೇ ಮನೆತನದ್ದು. ಆದರೆ ‘ಇದೇ ನೀರು’ ಎಂಬ ಮಾತಿನಲ್ಲಿ ‘ಇದೇ’ ಎನ್ನುವುದು ನಿಜವಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಅನುಭವವಾಗಲಿ ಸಂಶೋಧನೆಯಾಗಲಿ, ಷರತ್ತಿಲ್ಲದ ಸತ್ಯವನ್ನು ಯಾವುದೂ ಹೇಳುವುದಿಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು, ಎಷ್ಟು ಕಾಲ ಎಂಬ ಗಡಿಯೊಳಗೆ ಮಾತ್ರ ಅದು ಸತ್ಯ. ಪ್ರಯೋಗಾಲಯದಿಂದ ಹೊರಟ ಮಾತು ಪತ್ರಿಕೆ, ಟಿವಿ, ಮೊಬೈಲು ದಾಟಿ ಹಟ್ಟಿಗೆ ತಲುಪುವಷ್ಟರಲ್ಲಿ ಷರತ್ತು ಉದುರಿಹೋಗಿ ತೀರ್ಪು ಮಾತ್ರ ಉಳಿದಿರುತ್ತದೆ. ತಾತನ ಅನುಭವವೂ ಮೊಮ್ಮಗನಿಗೆ ಬರುವಾಗ ಹೀಗೆಯೇ ಬಡವಾಗಿರುತ್ತದೆ. ಆಮೇಲೆ ಎರಡು ಬರಿದಾದ ತೀರ್ಪುಗಳು ಒಂದಕ್ಕೊಂದು ಎದುರು ನಿಂತಾಗ ನಾವು ಅದನ್ನು ವಿಜ್ಞಾನಕ್ಕೂ ಮೂಢನಂಬಿಕೆಗೂ ನಡೆದ ಜಗಳ ಎಂದು ಕರೆಯುತ್ತೇವೆ.

ಹಲ್ಲಿನ ವಿಷಯವನ್ನೇ ನೋಡಿ. ಫ್ಲೋರೈಡ್ ಹೆಚ್ಚಿರುವ ಊರಿಗೆ ಬೇರೆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗಿರುತ್ತದೆ. ಹತ್ತು ಹದಿನೈದು ವರ್ಷ ಅಲ್ಲಿನ ನೀರನ್ನೇ ಕುಡಿದರೂ ಬೆಳ್ಳಗೇ ಇರುತ್ತದೆ. ಅವಳ ಮಕ್ಕಳ ಮುಂಬಲ್ಲುಗಳ ಮೇಲೆ ಮಾತ್ರ ಮೊದಲು ಸುಣ್ಣ ಬಳಿದಂಥ ಮಚ್ಚೆ, ಆಮೇಲೆ ಅಡ್ಡಕ್ಕೆ ಕಂದು ಗೆರೆ. ಇದನ್ನು ದಿನಾ ನೋಡುವ ಅತ್ತೆ ‘ನೀರಿನಿಂದ ಆಗೋದಾದ್ರೆ ಇವಳಿಗ್ಯಾಕೆ ಆಗಿಲ್ಲ?’ ಎಂದು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ. ಒಂದೇ ನೀರು, ಒಂದೇ ಒಲೆ, ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲ ಎಂದು ಹೋಲಿಸಿ ನೋಡುವುದು ವೈಜ್ಞಾನಿಕ ತರ್ಕದ ಮೊದಲ ಮೆಟ್ಟಿಲು. ಅತ್ತೆಗೆ ಯಾರೂ ಹೇಳದೇ ಹೋದದ್ದು ಒಂದು ಷರತ್ತು: ಹಲ್ಲಿನ ಮೇಲಿನ ಗಟ್ಟಿ ಪದರ ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನ ಗುರುತು ಮಾತ್ರ ಹಲ್ಲಿನ ಮೇಲೆ ನಿಲ್ಲುತ್ತದೆ. ದೊಡ್ಡವರಾದ ಮೇಲೆ ಕುಡಿದದ್ದು ಹಲ್ಲನ್ನು ಬಿಟ್ಟು ಮೂಳೆಯಲ್ಲಿ ಸೇರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಸೇರಿ ಕೊನೆಗೆ ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯುತ್ತವೆ. ಈ ಒಂದು ಮಾತು ಸಿಕ್ಕಿದ್ದರೆ ಸೊಸೆಯ ಬಿಳಿ ಹಲ್ಲೇ ಆ ಅತ್ತೆಗೆ ನೀರಿನ ವಿರುದ್ಧ ಸಾಕ್ಷಿಯಾಗುತ್ತಿತ್ತು.

ಷರತ್ತಿಲ್ಲದ ಉಪದೇಶ ಎಷ್ಟು ಕೆಡಿಸಬಲ್ಲದು ಎನ್ನುವುದಕ್ಕೆ ‘ನೀರು ಕುದಿಸಿ ಕುಡಿಯಿರಿ’ ಎಂಬ ಮಾತು ಸಾಕು. ವಾಂತಿಭೇದಿಗೆ, ಕಾಮಾಲೆಗೆ ಅದು ಪ್ರಾಣ ಉಳಿಸುವ ಮಾತು. ಆದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಇನ್ನಷ್ಟು ಸಾಂದ್ರವಾಗುತ್ತದೆ. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯಲ್ಲೇ ಮಗುವಿನ ಹಲ್ಲು ಕಂದಿದರೆ, ಆ ತಾಯಿ ಮುಂದಿನ ಸಲ ಆರೋಗ್ಯ ಕಾರ್ಯಕರ್ತೆಯ ಮಾತಿಗೆ ಕಿವಿಗೊಡುವುದು ಕಷ್ಟ. ಅವಳ ಅಪನಂಬಿಕೆಗೆ ಅವಿದ್ಯೆ ಕಾರಣವಲ್ಲ, ವಿಧೇಯತೆಯಿಂದ ಕಲಿತ ಪಾಠ ಕಾರಣ.

ಹುಣಸೆಹಣ್ಣಿನ ಸಂಶೋಧನೆ ಇನ್ನೂ ಸ್ವಾರಸ್ಯದ್ದು, ಈ ಸೀಮೆಗೆ ತೀರ ಹತ್ತಿರದ್ದು. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ ಹೆಸರುವಾಸಿ. ಇಲ್ಲಿನ ಸಾರಿಗೆ ಹುಳಿಯಿಲ್ಲದೆ ರುಚಿಯಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18 ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟು ನೋಡಿದಾಗ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಮಿನಿಂದ 4.8 ಮಿಲಿಗ್ರಾಮಿಗೆ ಏರಿತ್ತು. ಮನೆಯ ಹಿರಿಯರು ಹೇಳುವುದೇನು? ಕೀಲುನೋವಿದ್ದವರು ಹುಳಿ ಮುಟ್ಟಬಾರದು ಎಂದು. ಹಾಗಾದರೆ ಹಿರಿಯರ ಮಾತು ಬಿದ್ದುಹೋಯಿತೇ? ಇಲ್ಲ. ಆ ಅಧ್ಯಯನ ಕೀಲುನೋವಿನ ಮೇಲೆ ನಡೆದದ್ದೇ ಅಲ್ಲ. ಅದು ನಡೆದದ್ದು ಹುಡುಗರ ಮೇಲೆ, ಮೂರು ವಾರಕ್ಕೂ ಕಡಿಮೆ ಕಾಲ. ಅಳೆದದ್ದು ಮೂತ್ರವನ್ನು, ಮೂಳೆಯನ್ನಲ್ಲ. ಹುಣಸೆ ಫ್ಲೋರೈಡಿನಿಂದ ಬರುವ ರೋಗದ ಬೆಳವಣಿಗೆಯನ್ನು ನಿಧಾನಿಸಬಹುದು ಎಂಬ ಆಸೆಗೆ ಅದು ಆಧಾರ ಕೊಡುತ್ತದೆ, ಅಷ್ಟೇ. ಇದೇ ಫಲಿತಾಂಶ ‘ಹುಣಸೆ ತಿಂದರೆ ಫ್ಲೋರೈಡ್ ಮಾಯ’ ಎಂಬ ತಲೆಬರಹವಾಗಿ ಬಂದರೆ ಒಬ್ಬರು ಪೂರ್ತಿ ನಂಬಿ ಕೆಟ್ಟ ನೀರನ್ನೇ ಧೈರ್ಯವಾಗಿ ಕುಡಿಯುತ್ತಾರೆ, ಇನ್ನೊಬ್ಬರು ಹಿರಿಯರ ಮಾತು ನೆನೆದು ಪೂರ್ತಿ ತಳ್ಳಿಹಾಕುತ್ತಾರೆ. ಇಬ್ಬರ ಕೈಗೂ ಸಂಶೋಧನೆ ಸಿಕ್ಕಿಲ್ಲ.

ಜನ ಸಂಶೋಧನೆಯನ್ನು ಬರೀ ಸ್ವೀಕರಿಸುವ ಇಲ್ಲವೇ ತಿರಸ್ಕರಿಸುವ ತುದಿಯಲ್ಲಿ ಕೂತಿದ್ದಾರೆ ಎಂದುಕೊಳ್ಳುವುದೂ ತಪ್ಪು. ಈ ರೋಗದ ಚರಿತ್ರೆಯೇ ಅದಕ್ಕೆ ಉತ್ತರ. 1930ರ ದಶಕದ ಆರಂಭದಲ್ಲಿ ಆಂಧ್ರದ ರೈತರು ತಮ್ಮ ಎತ್ತುಗಳ ಕೀಲು ಬಿಗಿದು ನಡಿಗೆ ಕುಂಟುತ್ತಿರುವುದನ್ನು ಗಮನಿಸಿದ್ದರು. ಮದ್ರಾಸ್ ಪ್ರಾಂತದಲ್ಲಿ ಶಾರ್ಟ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಈ ಕಾಯಿಲೆಯನ್ನು ವಿವರಿಸಿ ಬರೆದದ್ದು ಆಮೇಲೆ, 1937ರಲ್ಲಿ. ಅಮೆರಿಕದಲ್ಲೂ ಹೀಗೆಯೇ. ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಕೊಲರಾಡೋದಲ್ಲಿ ಕಂದು ಹಲ್ಲಿನ ಕಾರಣಕ್ಕಾಗಿ ವರ್ಷಾನುಗಟ್ಟಲೆ ತಡಕಾಡಿದ. 1920ರ ದಶಕದಲ್ಲಿ ಐಡಹೋ ರಾಜ್ಯದ ಓಕ್ಲಿ ಎಂಬ ಊರಿನ ಹೆತ್ತವರು, ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿದ ಮೇಲೆಯೇ ಮಕ್ಕಳ ಹಲ್ಲು ಹೀಗಾಯಿತು ಎಂದು ಅವನಿಗೆ ಹೇಳಿದರು. ಊರಿನವರು ಆ ನೀರನ್ನು ಬಿಟ್ಟರು. ಮುಂದೆ ಬೆಳೆದ ಮಕ್ಕಳ ಹಲ್ಲು ಶುಭ್ರವಾಗಿ ಬಂದವು. ನೀರಿನಲ್ಲಿದ್ದದ್ದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಜ್ಞ ಕಂಡುಕೊಂಡದ್ದು 1931ರಲ್ಲಿ. ಕಾರಣದ ಹೆಸರು ಗೊತ್ತಾಗುವ ಮೊದಲೇ ಆ ಹೆತ್ತವರು ಸರಿಯಾದ ಹೋಲಿಕೆ ಮಾಡಿದ್ದರು: ಕೊಳವೆಗೆ ಮುಂಚೆ, ಕೊಳವೆಯ ನಂತರ.

ಇಂಥ ಬುದ್ಧಿ ನಮ್ಮ ಅನಂತಪುರ ಸೀಮೆಯ ಒಣಭೂಮಿಯಲ್ಲಿ ಕೊರತೆಯಾಗಿಲ್ಲ. ಬಿತ್ತನೆ ಬೀಜದ ಮಾತು ಬಂದಾಗ ಇಲ್ಲಿನ ರೈತ ಎಷ್ಟು ಹುಷಾರು! 1940ರಷ್ಟು ಹಿಂದೆ ತಮಿಳುನಾಡಿನ ತಿಂಡಿವನದಿಂದ ಬಂದ ಟಿಎಂವಿ 2 ಕಡಲೆಕಾಯಿಯನ್ನು ಈ ಜಿಲ್ಲೆ ದಶಕಗಟ್ಟಲೆ ಬಿಟ್ಟುಕೊಡಲಿಲ್ಲ. ಹೊಸ ತಳಿಗಳು ಎಷ್ಟೋ ಬಂದವು, ಹೋದವು. ಇದನ್ನು ಹಟಮಾರಿತನ ಎಂದು ಬರೆದವರಿದ್ದಾರೆ. ಆದರೆ 2000ರ ದಶಕದಲ್ಲಿ ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆಯವರು ಹೊಸ ತಳಿಗಳನ್ನು ರೈತರ ಹೊಲದಲ್ಲೇ, ಹಳೆಯ ತಳಿಯ ಪಕ್ಕದಲ್ಲೇ ಬಿತ್ತಿಸಿ ನೋಡಲು ಕೊಟ್ಟಾಗ, ಅವರು ಐಸಿಜಿವಿ 91114 ಎಂಬುದನ್ನು ಆರಿಸಿಕೊಂಡರು. ಕಾಯಿ ಒಟ್ಟಿಗೆ ಬಲಿಯುತ್ತದೆ, ಬರ ತಡೆಯುತ್ತದೆ, ಬಳ್ಳಿಯ ಮೇವನ್ನು ದನ ಇಷ್ಟಪಟ್ಟು ತಿನ್ನುತ್ತದೆ ಎಂಬುದು ಅವರ ಲೆಕ್ಕ. ‘ಒಳ್ಳೆಯ ಬೀಜವೋ ಕೆಟ್ಟದ್ದೋ’ ಎಂದು ಯಾವ ರೈತನೂ ಕೇಳುವುದಿಲ್ಲ. ಕೆಂಪು ಮಣ್ಣಿಗಾ, ಎರೆಗಾ, ಹದ ಮಳೆಗಾ, ಮುಂಗಾರು ಕೈಕೊಟ್ಟರೆ ಹೇಗೆ ಎಂದು ಕೇಳುತ್ತಾನೆ. ಅದೇ ಮನುಷ್ಯ ಊಟದ, ನೀರಿನ, ಔಷಧದ ಸುದ್ದಿ ಕೇಳುವಾಗ ‘ಒಳ್ಳೇದಂತೆ’, ‘ಕೆಟ್ಟದಂತೆ’ ಎಂಬ ಎರಡೇ ಮಾತಿಗೆ ಇಳಿಯುವುದೇಕೆ? ಸುದ್ದಿ ಅವನಿಗೆ ಹಾಗೆ ಬರುವುದರಿಂದ. ಪಕ್ಕದಲ್ಲಿ ಬಿತ್ತಿ ನೋಡಲು ಅಲ್ಲಿ ಜಾಗವಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ಮರೆಮಾಚಿದರೆ ನನ್ನ ವಾದ ಟೊಳ್ಳಾಗುತ್ತದೆ. ಷರತ್ತು ಕೇಳುವ ಗುಣವೇ ತಪ್ಪಿಸಿಕೊಳ್ಳುವ ದಾರಿಯೂ ಆಗಬಹುದು. ಬೀಡಿ ಸೇದುವವನು ‘ಎಲ್ಲರಿಗೂ ಕ್ಯಾನ್ಸರ್ ಬರುತ್ತಾ?’ ಎನ್ನುತ್ತಾನೆ. ಬರುವುದಿಲ್ಲ, ನಿಜ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಡಾಲ್ ಮತ್ತು ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೇಲೆ ಅಮೆರಿಕದ ತಂಬಾಕು ಕಂಪನಿಗಳು ಬಳಸಿದ್ದು ಇದೇ ತಂತ್ರ: ಇನ್ನೂ ಸಂಶೋಧನೆ ಆಗಲಿ, ಎಲ್ಲ ಷರತ್ತುಗಳೂ ಗೊತ್ತಾಗಲಿ ಎನ್ನುತ್ತಾ ದಶಕಗಳನ್ನು ದೂಡಿದವು. ಹಾಗಾಗಿ ಕೇಳುವುದರಲ್ಲೂ ಎರಡು ಬಗೆ. ತಾತನ ಬಾವಿ ಎಷ್ಟು ಆಳವಿತ್ತು, ನಮ್ಮ ಬೋರು ಎಷ್ಟು ಆಳ ಎಂದು ಕೇಳುವವನು ಉತ್ತರ ಬಂದರೆ ಬದಲಾಗಲು ತಯಾರಿರುತ್ತಾನೆ. ಎಲ್ಲರಿಗೂ ಬರುತ್ತಾ ಎಂದು ಕೇಳುವವನಿಗೆ ಯಾವ ಉತ್ತರ ಬಂದರೂ ಕೈಯಲ್ಲಿನ ಬೀಡಿ ಕೆಳಗಿಳಿಯುವುದಿಲ್ಲ. ಯಾವ ಉತ್ತರ ಸಿಕ್ಕರೆ ನಿನ್ನ ನಡೆ ಬದಲಾಗುತ್ತದೆ ಎಂದು ಕೇಳಿದಾಗ ಮೌನವೇ ಉತ್ತರವಾದರೆ, ಅದು ಪ್ರಶ್ನೆಯಾಗಿರಲಿಲ್ಲ.

ಇನ್ನೊಂದು ಭೇದವೂ ಇದೆ. ಬೀಜದಲ್ಲಿ ಮೋಸಹೋದರೆ ಒಂದು ಬೆಳೆ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮಗುವಿನ ಹಲ್ಲು ಒಮ್ಮೆ ಮಚ್ಚೆಯೊಂದಿಗೆ ಹುಟ್ಟಿದರೆ, ಬೆನ್ನೆಲುಬು ಒಮ್ಮೆ ಬಿಗಿದರೆ, ಹಿಂದಕ್ಕೆ ಬರುವ ದಾರಿಯಿಲ್ಲ. ಎರಡಕ್ಕೂ ಒಂದೇ ಪ್ರಮಾಣದ ಪುರಾವೆ ಕೇಳುವುದು ವಿವೇಕವಲ್ಲ. ಆಗುವ ಕೇಡು ಸರಿಪಡಿಸಲಾಗದ್ದಾಗಿದ್ದು ತಪ್ಪಿಸಿಕೊಳ್ಳುವ ಉಪಾಯ ಅಗ್ಗವಾಗಿದ್ದರೆ, ಅರ್ಧ ಪುರಾವೆಗೇ ನಡೆದುಬಿಡಬೇಕು. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ ಎಂದಿದೆ. ಆ ‘ಸಿಗದಿದ್ದರೆ’ ಎಂಬ ಮಾತಿನಲ್ಲಿ ನಮ್ಮ ಹಳ್ಳಿಗಳ ಪಾಡೆಲ್ಲ ಅಡಗಿದೆ.

ಉಪಾಯ ಅಗ್ಗವಾಗಿದ್ದರೆ ಎಂದೆ. ಯಾರಿಗೆ ಅಗ್ಗ? ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಿನಲ್ಲಿ ತರುವವರು ಕುಡಿಯಲು ಆ ನೀರು ಬಳಸುತ್ತಾರೆ, ಮುದ್ದೆಗೆ ಎಸರಿಡಲು ಮತ್ತೆ ಬೋರಿನ ನೀರೇ. ಅನ್ನ, ಬೇಳೆ, ಮುದ್ದೆ ಹೀರಿಕೊಂಡ ಫ್ಲೋರೈಡ್ ಹೊಟ್ಟೆಗೆ ಹೋಗುವುದು ತಪ್ಪುವುದಿಲ್ಲ. ಕೂಲಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವ ಹೆಂಗಸಿಗೆ ಕ್ಯಾನ್ ಹೊತ್ತು ತರುವವರೂ ಇಲ್ಲ. ಅವಳ ಮುಂದೆ ನಿಂತು ಈ ನೀರು ವಿಷ ಎಂದರೆ ಅವಳಿಗೆ ಸಿಗುವುದು ತಿಳಿವಳಿಕೆಯಲ್ಲ, ಮಕ್ಕಳಿಗೆ ತಾನೇ ವಿಷ ಬಡಿಸುತ್ತಿದ್ದೇನೆ ಎಂಬ ಸಂಕಟ. ಆ ಸಂಕಟವನ್ನು ದಿನವೂ ಹೊರಲಾರದೆ ಅವಳು ‘ಏನೂ ಆಗಲ್ಲ ಬಿಡಿ’ ಎನ್ನುತ್ತಾಳೆ. ನಂಬಿಕೆಗೆ ಮನಸ್ಸಿನ ಒಪ್ಪಿಗೆ ಸಾಲದು, ನಡೆಯಲು ದಾರಿಯೂ ಬೇಕು. ದಾರಿ ಕೊಡದೆ ನಂಬು ಎನ್ನುವವರಿಗೆ ಅವಳ ಅಪನಂಬಿಕೆಯನ್ನು ಹಂಗಿಸುವ ಹಕ್ಕಿಲ್ಲ. ಆಗಿನ ಅನಂತಪುರ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ 1990ರ ದಶಕದ ನಡುವೆ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟು ನೀರಿನ ಯೋಜನೆ ಮಾಡಿಸಿತು. ನಲ್ಲಿಯಲ್ಲಿ ಒಳ್ಳೆಯ ನೀರು ಬಂದ ಊರಿನಲ್ಲಿ ಫ್ಲೋರೈಡಿನ ಬಗ್ಗೆ ವಾದ ಗೆಲ್ಲುವ ಅಗತ್ಯವೇ ಬೀಳುವುದಿಲ್ಲ.

ನಲ್ಲಿ ಬರದ ಊರುಗಳಲ್ಲಿ ಏನು ಮಾಡಬೇಕು? ಒಂದೇ ಊರಿನ ಎರಡು ಬೋರುಗಳಲ್ಲಿ ಫ್ಲೋರೈಡ್ ಒಂದೇ ಸಮ ಇರುವುದಿಲ್ಲ. ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸವಾಗುತ್ತದೆ. ಪರೀಕ್ಷೆಯ ಫಲಿತಾಂಶ ಕಚೇರಿಯ ಕಡತದಲ್ಲಿ ಇದ್ದರೆ ಯಾರಿಗೂ ಉಪಯೋಗವಿಲ್ಲ. ಪ್ರತಿ ಬೋರಿನ ಬಳಿ, ಪ್ರತಿ ಮಿನಿ ಟ್ಯಾಂಕಿನ ಗೋಡೆಯ ಮೇಲೆ ಎಷ್ಟು ಅಡಿ ಆಳ, ಎಷ್ಟು ಫ್ಲೋರೈಡ್, ಯಾವ ತಿಂಗಳು ನೋಡಿದ್ದು ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಲಿ, ಪಕ್ಕದಲ್ಲಿ 1 ಎಂಬ ಗಡಿಯನ್ನೂ ಬರೆಸಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ಎಂಬ ಒಂದು ಸಾಲು ಸೇರಿಸಲಿ. ಅಷ್ಟಾದರೆ ಮಗುವಿಗೆ ಯಾವ ಬೋರಿನ ನೀರು, ಎಸರಿಗೆ ಯಾವುದು, ಪಾತ್ರೆ ತೊಳೆಯಲು ಯಾವುದು ಎಂದು ಆ ಊರಿನ ಹೆಂಗಸರೇ ವಿಂಗಡಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅಂಕಿ ಬದಲಾಗದೆ ಹಳೆಯದೇ ಇದ್ದರೆ ಪಂಚಾಯ್ತಿಯವರನ್ನು ನಿಲ್ಲಿಸಿ ಕೇಳುವವರೂ ಅವರೇ.