ಕನಸಿನ ಬಲೆ ಮತ್ತು ಎಚ್ಚರದ ಹೊಣೆ

ಹಗಲಿನಲ್ಲಿ ಇರುವೆಯನ್ನೂ ನೋಯಿಸದೆ ನಡೆಯುವ ಸಾತ್ವಿಕನು ಕನಸಿನಲ್ಲಿ ಒಬ್ಬರ ಮೇಲೆ ಕೈಯೆತ್ತಬಹುದು, ಕೊಲ್ಲಲೂಬಹುದು. ಎಚ್ಚೆತ್ತಾಗ ಅವನ ಎದೆ ಬಡಿದುಕೊಳ್ಳುತ್ತದೆ. ಆ ಹಿಂಸೆ ಅವನದೇ? ಅಥವಾ ಎಲ್ಲಿಂದಲೋ ಬಂದು ಹಾದುಹೋದುದೇ? ದುಃಸ್ವಪ್ನವು ಎತ್ತುವ ಈ ಪ್ರಶ್ನೆಯನ್ನು ಧರ್ಮಜಿಜ್ಞಾಸುಗಳು ತಳ್ಳಿಹಾಕುವಂತಿಲ್ಲ.

ಕೆಟ್ಟ ಕನಸು ಹೊರಗಿನಿಂದ ಬರುವುದೆಂದು ಭಾವಿಸಿದರೆ ಅದಕ್ಕೆ ಅಡ್ಡವಾಗಿ ಏನನ್ನಾದರೂ ಕಟ್ಟಬಹುದು. ಇಂದು ನಮ್ಮ ನಗರಗಳಲ್ಲಿಯೂ ಮಕ್ಕಳ ಕೋಣೆಯ ಕಿಟಕಿಯಲ್ಲಿ ತೂಗುವ ‘ಡ್ರೀಮ್‌ಕ್ಯಾಚರ್’ ಅಂತಹುದು. ದುಂಡನೆಯ ಚೌಕಟ್ಟು, ಅದರೊಳಗೆ ನೂಲಿನ ಬಲೆ, ಕೆಳಗೆ ಗರಿಗಳು. ಕೆಟ್ಟ ಕನಸು ಬಲೆಗೆ ಸಿಕ್ಕಿಬೀಳುತ್ತದೆ, ಒಳ್ಳೆಯ ಕನಸು ಒಳಗೆ ಇಳಿದು ಬರುತ್ತದೆ ಎಂಬುದು ಪ್ರಚಲಿತ ನಂಬಿಕೆ.

ಇದು ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯ ಓಜಿಬ್ವೆ ಜನರಲ್ಲಿ ರೂಢಿಯಲ್ಲಿದ್ದ ವಸ್ತು. ಅವರನ್ನು ಚಿಪ್ಪೆವಾ ಎಂದೂ ಕರೆಯುವುದುಂಟು. ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ವಿದುಷಿ ಅವರ ಆಚಾರಗಳನ್ನು ಕುರಿತು ೧೯೨೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಸುಮಾರು ಮೂರೂವರೆ ಅಂಗುಲ ಅಗಲದ ಮರದ ಬಳೆಯೊಳಗೆ ಜೇಡರ ಬಲೆಯಂತೆ ನೂಲು ಹೆಣೆದು, ಹಸುಗೂಸಿನ ತೊಟ್ಟಿಲ ಹಲಗೆಗೆ ತೂಗಬಿಡುತ್ತಿದ್ದರು. ಗಾಳಿಯಲ್ಲಿರುವ ಕೇಡನ್ನು ಅದು ಹಿಡಿದಿಡುವುದೆಂಬುದು ಅವರ ನಂಬಿಕೆ. ಇಲ್ಲಿ ಗಮನಿಸಬೇಕಾದುದು ಒಂದುಂಟು: ಕಟ್ಟುತ್ತಿದ್ದವರು ಹಿರಿಯರು, ಕಾವಲು ಬೇಕಾಗಿದ್ದುದು ತನ್ನನ್ನು ತಾನು ಕಾಯಲಾರದ ಶಿಶುವಿಗೆ. ಮುಂದೆ ಅದು ಬೇರೆ ಬುಡಕಟ್ಟುಗಳಿಗೂ ಹರಡಿ, ಕೊನೆಗೆ ಲೋಕದ ಮಾರುಕಟ್ಟೆಯ ಸರಕಾಯಿತು. ದೊಡ್ಡವರ ಹಾಸಿಗೆಯ ಮೇಲೂ ತೂಗತೊಡಗಿತು.

ನಮ್ಮ ಪರಂಪರೆಯಲ್ಲಿ ಸ್ವಪ್ನಕ್ಕೆ ದೊರೆತ ಉತ್ತರ ಬೇರೆ. ಜಿನಮಾತೆಯರು ಕಂಡ ಶುಭಸ್ವಪ್ನಗಳು ದಿಗಂಬರರಲ್ಲಿ ೧೬, ಶ್ವೇತಾಂಬರರಲ್ಲಿ ೧೪. ಆದರೆ ಚಂದ್ರಗುಪ್ತನು ಕಂಡ ಹದಿನಾರು ಸ್ವಪ್ನಗಳು ಅಶುಭಸೂಚಕಗಳು. ಹನ್ನೆರಡು ಹೆಡೆಯ ಸರ್ಪವು ಹನ್ನೆರಡು ವರ್ಷಗಳ ಕ್ಷಾಮವನ್ನು ಸೂಚಿಸುವುದೆಂದು ಭದ್ರಬಾಹುಗಳು ತಿಳಿಸಿದರು. ಅರಸನು ಆ ಕನಸನ್ನು ತಡೆಯಲು ರಕ್ಷೆ ಕಟ್ಟಿಸಲಿಲ್ಲ. ಅದರ ಅರ್ಥವನ್ನು ಕೇಳಿದನು, ಕೇಳಿ ಬದುಕನ್ನೇ ಬದಲಿಸಿದನು. ದಿಗಂಬರ ಸಂಪ್ರದಾಯದಂತೆ ಆ ಬದಲಾವಣೆಯ ಕೊನೆಯ ನೆಲೆ ಶ್ರವಣಬೆಳಗೊಳದ ಚಿಕ್ಕಬೆಟ್ಟ.

ಹಾಗಾದರೆ ಕೆಟ್ಟ ಕನಸು ಕಂಡವರೆಲ್ಲ ದೋಷಿಗಳೇ? ಹಾಗೆನ್ನುವುದು ನಿರ್ದಯತೆಯಾದೀತು. ಅಪಘಾತ, ಯುದ್ಧ, ದೌರ್ಜನ್ಯಗಳಿಂದ ನೊಂದವರನ್ನು ದುಃಸ್ವಪ್ನಗಳು ವರ್ಷಗಟ್ಟಲೆ ಕಾಡುತ್ತವೆ. ಅದು ಅವರ ತಪ್ಪಲ್ಲ. ನಿದ್ರೆಯನ್ನು ನಮ್ಮ ಶಾಸ್ತ್ರವು ದರ್ಶನಾವರಣೀಯ ಕರ್ಮದ ಉದಯವೆಂದು ಎಣಿಸುತ್ತದೆ. ಉದಯವಾದುದು ಬೇರೆ, ಸಂಕಲ್ಪಿಸಿ ಮಾಡಿದುದು ಬೇರೆ. ಕನಸಿನ ಹೊಡೆತದಲ್ಲಿ ಜಾಗೃತ ಸಂಕಲ್ಪವಿಲ್ಲ. ಆದರೆ ಎಚ್ಚೆತ್ತ ಮೇಲೆ ಆ ದ್ವೇಷವನ್ನು ಮೆಲುಕು ಹಾಕಿ ಸುಖಿಸಿದರೆ, ಅಲ್ಲಿಂದ ಅದು ನಮ್ಮದೇ. ಹೊಣೆ ಪ್ರಾರಂಭವಾಗುವುದು ಕಣ್ತೆರೆದ ಕ್ಷಣದಿಂದ. ರಾತ್ರಿಯ ದೋಷಗಳಿಗಾಗಿ ಪ್ರಾತಃಕಾಲದಲ್ಲಿ ರಾತ್ರಿಕ ಪ್ರತಿಕ್ರಮಣವನ್ನು ವಿಧಿಸಿರುವುದರ ಔಚಿತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಇಂದಿನ ಮನೋವೈದ್ಯರ ಒಂದು ಚಿಕಿತ್ಸೆಯೂ ಹಗಲಿನ ಎಚ್ಚರವನ್ನೇ ಆಶ್ರಯಿಸಿದೆ. ಕಾಡುವ ಕನಸನ್ನು ರೋಗಿಯು ಬರೆದುಕೊಳ್ಳುತ್ತಾನೆ. ಅದನ್ನು ತನಗೆ ಹಿತವಾಗುವಂತೆ ಬದಲಿಸುತ್ತಾನೆ. ಬದಲಾದ ಕನಸನ್ನು ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಾನೆ. ಇದರಿಂದ ದುಃಸ್ವಪ್ನಗಳು ಕಡಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ.

ಹಾಗೆಂದು ಮಗುವಿನ ತೊಟ್ಟಿಲ ಬಳಿಯ ಬಲೆಯನ್ನು ಕಿತ್ತೆಸೆಯಬೇಕಾಗಿಲ್ಲ. ‘ನೀನು ಒಂಟಿಯಲ್ಲ’ ಎಂಬ ಹಿರಿಯರ ಮಾತು ಅದರಲ್ಲಿದೆ. ಆದರೆ ನಡುರಾತ್ರಿ ಬೆಚ್ಚಿ ಅತ್ತ ಮಗುವಿಗೆ ಕಿಟಕಿಯತ್ತ ಬೆರಳು ತೋರಿ ಮಲಗಿಬಿಟ್ಟರೆ ಆ ಮಾತು ಸುಳ್ಳಾಗುತ್ತದೆ. ಪಕ್ಕದಲ್ಲಿ ಕುಳಿತು, ಅದು ಕಂಡುದನ್ನು ಕೇಳಬೇಕು. ಇನ್ನು ದೊಡ್ಡವರಾದ ನಮಗೆ ಹೊರಗಿನ ಬಲೆಯೊಂದೇ ಸಾಲದು. ಮಲಗುವ ಮುನ್ನ ಯಾರ ಮೇಲಿನ ಕೋಪವನ್ನು ಇನ್ನೂ ಇಟ್ಟುಕೊಂಡಿದ್ದೇವೆಂದು ನೋಡಿಕೊಂಡು, ಅವರಿಗೆ ಮನದಲ್ಲಾದರೂ ಕ್ಷಮೆ ನೀಡಿ, ಅವರಿಂದ ಕ್ಷಮೆ ಬೇಡಿ ಮಲಗುವುದು ಶ್ರಾವಕ-ಶ್ರಾವಿಕೆಯರಿಗೆ ಸಾಧ್ಯವಾದ ಕಾವಲು. ಆಮೇಲೂ ಕೆಟ್ಟ ಕನಸು ಬಂದರೆ ಬರಲಿ. ಬೆಳಗ್ಗೆ ಏಳುವಾಗ ನಾವು ಅದರ ಪಕ್ಷದಲ್ಲಿ ಇರದಿದ್ದರೆ ಸಾಕು.