ಕಿವಿಯಾರೆ ಕೇಳಿದರೂ

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಕಿವಿಗೂ ಅದೇ ಮಾತು ಸಲ್ಲಬೇಕು. ಕಿವಿ ಎಲ್ಲವನ್ನೂ ಕೇಳುವುದಿಲ್ಲ. ದೊಡ್ಡ ಸದ್ದಿನ ಮಗ್ಗುಲಿನ ಸಣ್ಣ ಸದ್ದು ಅದಕ್ಕೆ ದಕ್ಕುವುದೇ ಇಲ್ಲ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ ಸುಮಾರು 14 ಲಕ್ಷ ಬಿಟ್ ಬೇಕು. ಕೇಳಿಸದ ಭಾಗವನ್ನು ಕೈಬಿಟ್ಟರೆ ಅದರ ಹತ್ತರಲ್ಲೊಂದು ಪಾಲಿನಲ್ಲೇ ಹೆಚ್ಚುಕಡಿಮೆ ಕೆಲಸ ನಡೆಯುತ್ತದೆ. ಎಂಪಿ3 ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಕಿವಿಯ ಈ ಮಿತಿ ಮನುಷ್ಯರೆಲ್ಲರದು. ಅದನ್ನು ಬಳಸಿಕೊಳ್ಳುವ ವಿಧಾನಕ್ಕೆ ಮಾತ್ರ ಪೇಟೆಂಟ್ ಬಿತ್ತು. 1998ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ, ಎಂಪಿ3 ತಂತ್ರಾಂಶ ಬರೆಯುವವರು ಶುಲ್ಕ ಕಟ್ಟಬೇಕೆಂದು ಪತ್ರ ಕಳಿಸಿತು. ಅದರ ಬೆನ್ನಿಗೇ ಅಮೆರಿಕದ ಕ್ರಿಸ್ ಮಾಂಟ್ಗೊಮೆರಿ ಮತ್ತು ಸಂಗಡಿಗರು ಯಾರಿಗೂ ಕಪ್ಪ ಕೊಡಬೇಕಿಲ್ಲದ, ಧ್ವನಿ ಕುಗ್ಗಿಸುವ ವೋರ್ಬಿಸ್ ಎಂಬ ತಂತ್ರದ ಕೆಲಸಕ್ಕೆ ಬಿರುಸು ಕೊಟ್ಟರು. 2002ರ ಜುಲೈನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಹೆಸರು ಟೆರ್ರಿ ಪ್ರ್ಯಾಚೆಟ್‌ರ 'ಸ್ಮಾಲ್ ಗಾಡ್ಸ್' ಕಾದಂಬರಿಯದು. ಅಲ್ಲಿನ ವೋರ್ಬಿಸ್, ಪ್ರಶ್ನಿಸಿದವರನ್ನು ಹಿಂಸಿಸುವ ಧರ್ಮಾಧಿಕಾರಿ. ಅವನ ಹೆಸರು ಹೊತ್ತ ತಂತ್ರ ಮಾತ್ರ ತನ್ನ ಒಡಲನ್ನೆಲ್ಲ ಪ್ರಶ್ನೆಗೆ ತೆರೆದಿಟ್ಟಿತು!

ಪುಕ್ಕಟೆಯಾದದ್ದೆಲ್ಲ ಒಳ್ಳೆಯದಾಗಬೇಕಿಲ್ಲ. ಪರೀಕ್ಷಿಸುವುದು ಹೇಗೆ? ಹೆಸರು ಮುಚ್ಚಿಟ್ಟು. ಮೂಲ ಧ್ವನಿ ಒಂದು, ಕುಗ್ಗಿಸಿದ್ದು ಇನ್ನೊಂದು. ಮೂರನೆಯದು ಇವೆರಡರಲ್ಲಿ ಯಾವುದೆಂದು ಕೇಳುಗ ಮತ್ತೆ ಮತ್ತೆ ಗುರುತಿಸಬೇಕು. ಅರ್ಧದಷ್ಟು ಸಲ ಮಾತ್ರ ಸರಿಯಾದರೆ ಅವನು ನಾಣ್ಯ ಚಿಮ್ಮಿದ್ದಕ್ಕೆ ಸಮ. ಹೆಸರು ಕಾಣುವಾಗ ಎದ್ದು ಕೇಳುತ್ತಿದ್ದ ವ್ಯತ್ಯಾಸ, ಹೆಸರು ಮರೆಯಾದೊಡನೆ ಎಷ್ಟೋ ಸಲ ತಾನೂ ಮರೆಯಾಗುತ್ತದೆ. 24 ಬಿಟ್, 192 ಕಿಲೋಹರ್ಟ್ಸ್‌ನ ದುಬಾರಿ ಸಂಗೀತದಿಂದ ಕೇಳುಗನಿಗೆ ಲಾಭವಿಲ್ಲವೆಂದು 2012ರಲ್ಲಿ ವಾದಿಸಿದವರೂ ಇದೇ ಮಾಂಟ್ಗೊಮೆರಿ. 'ನನಗೆ ವ್ಯತ್ಯಾಸ ತಿಳಿಯಲಿಲ್ಲ' ಎನ್ನುವುದಕ್ಕೆ ತೀಕ್ಷ್ಣ ಕಿವಿ ಬೇಡ, ಪ್ರಾಮಾಣಿಕತೆ ಬೇಕು.

ಹಾಗೆಂದು ಪರೀಕ್ಷೆಯಲ್ಲಿ ಗೆದ್ದದ್ದು ಪೇಟೆಯಲ್ಲೂ ಗೆಲ್ಲುತ್ತದೆ ಎಂದುಕೊಳ್ಳಬಾರದು. ವೋರ್ಬಿಸ್ ಬರುವ ಹೊತ್ತಿಗೆ ಜನರ ಜೇಬಿನಲ್ಲಿ ಆಗಲೇ ಎಂಪಿ3 ಪ್ಲೇಯರ್‌ಗಳಿದ್ದವು. ರೂಢಿಯ ಎದುರು ಗುಣ ನಿಧಾನಕ್ಕೆ ನಡೆಯುತ್ತದೆ. ವಿಕಿಪೀಡಿಯ ಮಾತ್ರ ಹಟ ಹಿಡಿದು, 2017ರಲ್ಲಿ ಎಂಪಿ3 ಪೇಟೆಂಟ್‌ಗಳು ಮುಗಿಯುವವರೆಗೂ ಆ ಕಡತಗಳನ್ನು ಒಳಗೆ ಬಿಡಲಿಲ್ಲ. ಸ್ಪಾಟಿಫೈ ಸದ್ದಿಲ್ಲದೆ ವೋರ್ಬಿಸ್‌ನಲ್ಲೇ ಹಾಡು ಹರಿಸಿತು. 2012ರಲ್ಲಿ ಮಾಂಟ್ಗೊಮೆರಿ ಬಳಗದ ತಂತ್ರವೂ ಸ್ಕೈಪ್‌ನ ತಂತ್ರವೂ ಕೂಡಿ 'ಓಪಸ್' ಎಂಬ ಮುಕ್ತ ಅಂತರ್ಜಾಲ ಮಾನದಂಡವಾಯಿತು.

ಕನ್ನಡದ ಅಕ್ಷರ ಟೈಪ್ ಮಾಡಲು ಬಾರದ ಅಜ್ಜಿ ವಾಟ್ಸಾಪ್‌ನಲ್ಲಿ ಮೈಕಿನ ಗುರುತು ಒತ್ತಿಹಿಡಿದು 'ಉಂಡ್ಯಾ ಮಗಾ?' ಎಂದು ಕೇಳಿದಾಗ, ಆ ದನಿ ದುಬೈಗೆ ಹೋಗುವುದು ಓಪಸ್‌ನಲ್ಲೇ. ಇದನ್ನು ಕಂಡು 'ಮುಕ್ತ' ಎಂಬ ಪದಕ್ಕೇ ಆರತಿ ಎತ್ತುವುದು ಬೇಡ. ದಾರಿ ಎಲ್ಲರದಾದರೂ ಬಂಡಿ ಕಂಪನಿಯದು. ವಾಟ್ಸಾಪ್‌ನ ಒಳಗನ್ನು ನಾವು ಬಿಚ್ಚಿ ನೋಡಲಾರೆವು.

ಹೆಸರು ಮುಚ್ಚಿಟ್ಟು ಕೇಳುವ ಆ ಪರೀಕ್ಷೆ ಧ್ವನಿಗಷ್ಟೇ ಮೀಸಲಾಗಬೇಕೆ? ಹೊಸಬರೊಬ್ಬರು ಮಾತು ಶುರು ಮಾಡುತ್ತಿದ್ದಂತೆ 'ನೀವು ಯಾವ ಜನ?' ಎಂಬ ಪ್ರಶ್ನೆ ನಮ್ಮ ನಾಲಗೆಯ ತುದಿಗೆ ಬಂದಿರುತ್ತದೆ. ಉತ್ತರ ಸಿಕ್ಕಮೇಲೆ ನಾವು ಕೇಳುವುದು ಆ ಉತ್ತರವನ್ನು, ಅವರ ಮಾತನ್ನಲ್ಲ. ಒಂದು ದಿನ ಆ ಪ್ರಶ್ನೆಯನ್ನು ನುಂಗಿಕೊಂಡು ಕೇಳಿ ನೋಡೋಣ. ಎಷ್ಟು ವ್ಯತ್ಯಾಸಗಳು ಉಳಿಯುತ್ತವೋ ಎಣಿಸೋಣ.