ಇಂದಿನ ಧಮ್ಮ ಚಿಂತನೆ: ಅಂಚಿಗೂ ಬೆಳಕು



ಬಂಧುಗಳೇ, "ಎಲ್ಲರಿಗೂ ಒಂದೇ ಅಳತೆ ಇರಲಿ, ಮೀಸಲಾತಿ ಯಾಕೆ?" ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿಗೆ ನಾನು ಈಚೆಗೆ ಒಂದು ಹಳೇ ಲೆನ್ಸಿನ ಕತೆ ಹೇಳುತ್ತೇನೆ.

1900ರಲ್ಲಿ ಜರ್ಮನಿಯ ಗೋರ್ಟ್ಸ್ ಕಂಪನಿ ದೊಡ್ಡ ಕ್ಯಾಮೆರಾಗಳಿಗಾಗಿ ಹೈಪರ್‌ಗಾನ್ ಎಂಬ ಲೆನ್ಸ್ ತಂದಿತು. ಅರ್ಧಗೋಳದಂತೆ ಬಾಗಿದ ಎರಡೇ ಗಾಜು, ಹಿಡಿಯುವ ನೋಟ ಮಾತ್ರ ಸುಮಾರು 135 ಡಿಗ್ರಿ! ಆದರೆ ಇಷ್ಟು ಅಗಲದ ನೋಟದಲ್ಲಿ ಫಿಲ್ಮಿನ ನಡುವಿಗೆ 100 ಪಾಲು ಬೆಳಕು ಬಿದ್ದರೆ, ಕೊನೆಯ ಅಂಚಿಗೆ ಸಿಗುವುದು 2 ಪಾಲಿನಷ್ಟು. ಅಂಚು ಮಾಡಿದ ತಪ್ಪೇನೂ ಇಲ್ಲ, ಅದಿರುವ ಜಾಗವೇ ಹಾಗೆ.

ಅದಕ್ಕೇ ಲೆನ್ಸಿನ ಮುಂದೆ ನಕ್ಷತ್ರದಾಕಾರದ ಪುಟ್ಟ ಚಕ್ರವೊಂದನ್ನು ಇಟ್ಟರು. ಹಳೇ ಹಾರ್ನಿನಂಥ ರಬ್ಬರ್ ಚೆಂಡು ಅದುಮಿದರೆ ಗಾಳಿಗೆ ಗಿರ್ರನೆ ತಿರುಗುತ್ತದೆ. ಬಹುಪಾಲು ಹೊತ್ತು ನಡುವಿನ ಬೆಳಕನ್ನು ತಡೆದು, ಅಂಚಿಗೆ ದಾರಿ ಬಿಡುತ್ತದೆ. ಕಡೆಗೆ ಚಕ್ರ ಕೆಳಗಿಳಿಸಿದರೆ ನಡುವಿಗೂ ಅದರ ಪಾಲು ಸಿಗುತ್ತದೆ. ನಡುವಿಗೇನೂ ನಷ್ಟವಾಗಲಿಲ್ಲ. ಚಕ್ರವಿಲ್ಲದಿದ್ದರೆ ಮಾತ್ರ ಅಂಚಿನಲ್ಲಿ ನಿಂತವರ ಮುಖ ಕಪ್ಪಾಗಿ ಹೋಗುತ್ತಿತ್ತು.

ಬಾಬಾಸಾಹೇಬರು ಬುದ್ಧನಲ್ಲಿ ಕಂಡ ಪ್ರಜ್ಞೆ, ಕರುಣೆ, ಸಮತೆಗಳಲ್ಲಿ ಮೂರನೆಯದನ್ನು ಮಕ್ಕಳಿಗೆ ವಿವರಿಸುವುದು ಕಷ್ಟ. ಭಾನುವಾರದ ಪಾಠಕ್ಕೆ ಈ ಚಕ್ರದ ಚಿತ್ರವನ್ನು ಬೋರ್ಡಿನ ಮೇಲೆ ಬರೆಯಿರಿ.

ಭವತು ಸಬ್ಬ ಮಂಗಲಂ.